ಸೈಕಲ್ ಶೆಡ್ಡಿನಲ್ಲಿ ಕರಿದ ಕೋಡುಬಳೆ

ಹೋದ ವಾರ ಅಡುಗೆಮನೆಯ ಮೇಲಿನ ಕಪಾಟು ಒರೆಸುತ್ತಿದ್ದಾಗ ಹಳೆಯ ಡೈರಿಯೊಂದರಿಂದ ಚೀಟಿಯೊಂದು ಜಾರಿ ಬಿತ್ತು. ಎಣ್ಣೆ ಕುಡಿದು ಕುಡಿದು ಆಚೆ ಬದಿ ಕಾಣುವಂತಾಗಿದ್ದ ಕಾಗದ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ, ಡಚ್ ಭಾಷೆಯಲ್ಲಿ ಹೀಗೆ ಬರೆದಿತ್ತು: ‘ಅಕ್ಕಿಹಿಟ್ಟು, ಶಶಿಯ ಬೊಗಸೆಯಲ್ಲಿ ಐದು ಸಲ. ಬಿಸಿ ಎಣ್ಣೆ, ಶಶಿ ಸಾಕು ಎನ್ನುವವರೆಗೆ. ಖಾರಪುಡಿ, ಶಶಿ ಎಷ್ಟು ಹೇಳುತ್ತಾಳೋ ಅದರ ಅರ್ಧ.’

ಶಶಿ ಅಂದರೆ ನಾನು. ಬರೆದವಳು ಖ್ರೇತ್, ಹಾಲೆಂಡಿನ ವಾಗೆನಿಂಗನ್ ಊರಿನಲ್ಲಿ ನಮ್ಮ ಪಕ್ಕದ ಮನೆಯವಳು. ಅಳತೆಯಿಲ್ಲದೆ ಅಡುಗೆ ಮಾಡುವ ಹೆಂಗಸೊಬ್ಬಳನ್ನು ಅಳತೆಯಿಲ್ಲದೆ ಒಂದು ಹೆಜ್ಜೆ ಇಡದ ಹೆಂಗಸೊಬ್ಬಳು ಕಾಗದಕ್ಕಿಳಿಸಲು ಪಟ್ಟ ಪಾಡು ಆ ಚೀಟಿಯಲ್ಲಿದೆ. ಅದನ್ನು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತವಳು ಹಾಗೇ ಕೂತುಬಿಟ್ಟೆ. ಕಪಾಟು ಇನ್ನೂ ಅರ್ಧ ಒರೆಸಿದ ಹಾಗೇ ಇದೆ.

ಹಾಗಂತ ನಾನು ದೊಡ್ಡ ಪಾಕಪ್ರವೀಣೆ ಎಂದುಕೊಳ್ಳಬೇಡಿ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಹೊಸತರಲ್ಲಿ ನಾನು ಕರಿದ ಶಂಕರಪೋಳಿಯನ್ನು ನಮ್ಮ ಮಾವನವರು ಚಹಾದಲ್ಲಿ ಐದು ನಿಮಿಷ ನೆನೆಸಿ ತಿಂದಿದ್ದರು. ಹಲ್ಲಿನ ತೊಂದರೆ ಎಂದು ಅವರು ಹೇಳಿದರೂ, ಅದೇ ದಿನ ಮಧ್ಯಾಹ್ನ ಅವರು ಕಬ್ಬು ಸಿಗಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕರಿಯುವುದರಲ್ಲಿ ಗಟ್ಟಿಗಿತ್ತಿ ನಮ್ಮ ಅತ್ತೆ. ಅದರಲ್ಲೂ ಕೋಡುಬಳೆ. ಅವರ ಕೋಡುಬಳೆ ಕಿರುಬೆರಳಿನಷ್ಟು ದಪ್ಪ, ಒಂದರಂತೆ ಇನ್ನೊಂದು, ತುದಿಗಳು ಎಲ್ಲಿ ಕೂಡಿವೆ ಎಂದು ಹುಡುಕಬೇಕು.

ನಾವು ಹಾಲೆಂಡಿಗೆ ಹೋದ ಮೇಲೆ ಆ ಕಡೆ ಬರುವವರು ಯಾರೇ ಸಿಕ್ಕರೂ ಅವರ ಕೈಯಲ್ಲಿ ಅತ್ತೆ ಒಂದು ಡಬ್ಬಿ ಕೋಡುಬಳೆ ಕಳಿಸುತ್ತಿದ್ದರು. ಡಬ್ಬಿಯ ಜೊತೆಗೆ ಒಂದು ಮಾತನ್ನೂ. ನಮ್ಮವರು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದುದು ಅವರಿಗೆ ಕೊನೆಯವರೆಗೂ ಒಗಟಾಗಿಯೇ ಉಳಿಯಿತು. “ಮಣ್ಣು ನೋಡಲಿಕ್ಕೆ ಅಷ್ಟು ದೂರ ಹೋಗಬೇಕೇನು? ನಮ್ಮ ಹಿತ್ತಲದಾಗೂ ಅದ, ಬಂದು ನೋಡು ಅಂತ ಹೇಳ್ರಿ ವಿಶ್ವಗ” ಎಂದು ಬಂದವರ ಹತ್ತಿರ ಹೇಳಿ ಕಳಿಸುತ್ತಿದ್ದರು. ಇವರು ಅದನ್ನು ಕೇಳಿ ನಗುತ್ತ ಡಬ್ಬಿ ತೆಗೆಯುತ್ತಿದ್ದರು. ಆಗಿನ್ನೂ ನಗುತ್ತಿದ್ದರು.

ತೊಂಬತ್ತೆಂಟರ ಸೆಪ್ಟೆಂಬರಿನಲ್ಲಿ ಅತ್ತೆ ತೀರಿಕೊಂಡರು. ಬೆಳಿಗ್ಗೆ ಹೂವು ಕೊಯ್ಯಲು ಹಿತ್ತಲಿಗೆ ಹೋದವರು ಅಲ್ಲೇ ಕೂತರಂತೆ, ಏಳಲಿಲ್ಲ. ನನ್ನ ಮತ್ತು ಮಗಳು ಮೇಧಾಳ ವಾಸದ ಪರವಾನಗಿ ಆಗ ನವೀಕರಣಕ್ಕೆ ಹೋಗಿತ್ತು, ಅದು ಕೈಸೇರುವವರೆಗೆ ನಾವಿಬ್ಬರೂ ದೇಶ ಬಿಡುವ ಹಾಗಿರಲಿಲ್ಲ. ಇವರೊಬ್ಬರೇ ಹೋದರು. ಸಿಕ್ಕ ವಿಮಾನ ಹಿಡಿದು ಮನೆ ಮುಟ್ಟುವ ಹೊತ್ತಿಗೆ ಮೂರನೆಯ ದಿನವಾಗಿತ್ತು. ದಹನ ಮುಗಿದುಹೋಗಿತ್ತು. ಹದಿನಾಲ್ಕನೆಯ ದಿನ ಮುಗಿಸಿಕೊಂಡು, ತಲೆ ಬೋಳಿಸಿಕೊಂಡು ಬಂದರು. ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಕೆಲಸಕ್ಕೆ ಹೋಗತೊಡಗಿದರು. ಕೇಳಿದ್ದಕ್ಕೆ ಹೂಂ, ಉಹೂಂ. ಹುಬ್ಬಳ್ಳಿಯಲ್ಲಿ ಏನಾಯಿತು, ಯಾರು ಬಂದಿದ್ದರು, ಒಂದನ್ನೂ ಹೇಳಲಿಲ್ಲ. ದೀಪಾವಳಿಗೆ ಒಂದು ದೀಪ ಹಚ್ಚಿ ಅನ್ನ ಸಾರು ಉಂಡು ಮಲಗಿದೆವು. ಮನೆಯಲ್ಲಿ ಹಿರಿಯರು ಹೋದ ವರ್ಷ ಹಬ್ಬವಿಲ್ಲ, ಕರಿದದ್ದಿಲ್ಲ. ಅದು ನನಗೂ ಗೊತ್ತಿತ್ತು, ಒಪ್ಪಿಗೆಯೂ ಇತ್ತು.

ಹೀಗೆ ನಮ್ಮ ಪಾಡಿಗೆ ನಾವು ಹಬ್ಬಗಳನ್ನು ದಾಟಿಕೊಂಡು ಬರುತ್ತಿರುವಾಗ ಎದುರಿಗೆ ಕ್ರಿಸ್‌ಮಸ್ ಬಂದು ನಿಂತಿತು. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ದೇಶದ ಶಾಲೆಗಳಲ್ಲಿ ಡಿಸೆಂಬರ್ ಬಂತೆಂದರೆ ಓದು ಬರಹ ಹಿಂದಕ್ಕೆ ಸರಿಯುತ್ತದೆ. ಕತ್ತರಿ, ಅಂಟು, ಬಣ್ಣದ ಕಾಗದ ಮುಂದಕ್ಕೆ ಬರುತ್ತವೆ. ಆರು ವರ್ಷದ ಮೇಧಾ ಮನೆಗೆ ಬರುವಾಗ ಕೂದಲಲ್ಲಿ ಮಿನುಗು ಪುಡಿ, ಅಂಗಿಯ ತೋಳಿಗೆ ಅಂಟು. ಜಾಮ್ ಶೀಸೆಗೆ ಕೆಂಪು ಹಸಿರು ತೆಳು ಕಾಗದ ಅಂಟಿಸಿ ಒಳಗೆ ಮೇಣದಬತ್ತಿ ಇಟ್ಟು ದೀಪ ಮಾಡುತ್ತಿದ್ದಳು. ಕಾಗದ ಮಡಚಿ ಕತ್ತರಿಸಿ ಹಿಮದ ಹೂವು ಮಾಡಿ ಕಿಟಕಿಗೆ ಅಂಟಿಸುತ್ತಿದ್ದಳು. ನಾನು ಮಾಡಲು ಹೋದ ಹಿಮದ ಹೂವು ಬಿಡಿಸಿದಾಗ ಎರಡು ತುಂಡಾಗಿತ್ತು. ಹೊಲಿಗೆ ತರಗತಿಯಲ್ಲಿ ಗುಂಡಿಯನ್ನು ಅಂಗಿಯ ಜೊತೆ ನನ್ನ ಲಂಗಕ್ಕೂ ಸೇರಿಸಿ ಹೊಲಿದುಕೊಂಡು ಎದ್ದು ನಿಂತವಳು ನಾನು. ಕೈಕೆಲಸ ನನ್ನ ರಕ್ತದಲ್ಲಿಲ್ಲ.

ಒಂದು ದಿನ ಶಾಲೆಯಿಂದ ಚೀಟಿ ಬಂತು. ಶುಕ್ರವಾರ ಮಕ್ಕಳು ಕ್ರಿಸ್‌ಮಸ್ ಅಲಂಕಾರದ ಬಟ್ಟಲು ಮಾಡುತ್ತಾರೆ. ಒಂದು ಬಟ್ಟಲು, ಒಂದು ಮೇಣದಬತ್ತಿ, ಸ್ವಲ್ಪ ‘ಖ್ರುನ್’ ಕಳಿಸಿ ಎಂದಿತ್ತು. ನನ್ನ ಡಚ್ ಆಗ ಅಂಗಡಿಯ ಬಾಗಿಲವರೆಗೆ ಬಂದು ನಿಂತಿತ್ತು. ಖ್ರುನ್ ಅಂದರೆ ಹಸಿರು. ಸರಿ, ಹಸಿರು ಅಂದಮೇಲೆ ತರಕಾರಿಯೇ ಇರಬೇಕು, ಮಕ್ಕಳಿಗೆ ಸೊಪ್ಪಿನ ಪರಿಚಯ ಮಾಡಿಸುತ್ತಾರೇನೋ ಎಂದುಕೊಂಡು ಮಾರುಕಟ್ಟೆಯಿಂದ ಒಂದು ದೊಡ್ಡ ಕಂತೆ ಚಳಿಗಾಲದ ಸೊಪ್ಪು ತಂದೆ. ಸುರುಳಿ ಸುರುಳಿ ಎಲೆಯದು, ಆ ಜನ ಅದನ್ನು ಆಲೂಗಡ್ಡೆಯ ಜೊತೆ ಹಿಸುಕಿ ತಿನ್ನುತ್ತಾರೆ. ಚೆನ್ನಾಗಿ ತೊಳೆದು, ಬೇರು ಕತ್ತರಿಸಿ, ಚೀಲಕ್ಕೆ ಹಾಕಿ ಕಳಿಸಿದೆ.

ಬೇರೆ ಮಕ್ಕಳೆಲ್ಲ ಪೈನ್ ಮರದ ಟೊಂಗೆ ತಂದಿದ್ದರಂತೆ.

ಮೇಧಾ ಸಂಜೆ ಮನೆಗೆ ಬಂದವಳು ಬಟ್ಟಲನ್ನು ಮೇಜಿನ ಮೇಲೆ ಇಟ್ಟಳು. ಸೊಪ್ಪಿನ ನಡುವೆ ಕೆಂಪು ಮೇಣದಬತ್ತಿ ನೆಟ್ಟಗೆ ನಿಂತಿತ್ತು. “ಅಮ್ಮಾ, ಯುಫ್ ಹೇಳಿದ್ರು, ಹೆಲ್ ಮೋಯ್ ಅಂತ. ಆದ್ರ ಎಲ್ಲಾರೂ ನಕ್ರು. ನಾನೂ ನಕ್ಕೆ” ಎಂದಳು. ಯುಫ್ ಎಂದರೆ ಅವರ ಟೀಚರು. ಹೆಲ್ ಮೋಯ್ ಎಂದರೆ ಬಹಳ ಚೆಂದ. ಆ ಬಟ್ಟಲು ಮೂರು ದಿನ ನಿಜಕ್ಕೂ ಬಹಳ ಚೆಂದ ಇತ್ತು. ನಾಲ್ಕನೆಯ ದಿನ ವಾಸನೆ ಬರತೊಡಗಿತು.

ಆದರೆ ತಕರಾರು ಶುರುವಾದದ್ದು ಸೊಪ್ಪಿನಿಂದಲ್ಲ. ರಜೆಗೆ ಮುಂಚಿನ ಗುರುವಾರ ಸಂಜೆ ಮಕ್ಕಳಿಗೆ ಶಾಲೆಯಲ್ಲೇ ಮೇಣದಬತ್ತಿಯ ಬೆಳಕಿನಲ್ಲಿ ಊಟ. ಒಂದೊಂದು ಮನೆಯಿಂದ ಒಂದೊಂದು ತಿನಿಸು, ಮನೆಯಲ್ಲೇ ಮಾಡಿದ್ದು. ಯಾರು ಏನು ತರುತ್ತಾರೆ ಎಂದು ತರಗತಿಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಬೇಕು. ನಾನು ಹಣ್ಣು ಕತ್ತರಿಸಿ ಕಳಿಸಿದರಾಯಿತು ಎಂದುಕೊಂಡು ಸೋಮವಾರ ಬರೆಯಲು ಹೋದರೆ ನಮ್ಮ ಹೆಸರಿನ ಮುಂದೆ ಆಗಲೇ ಬರೆದಾಗಿತ್ತು. ‘ಮೇಧಾ: ಖಾರದ ಬಳೆ.’

ಆದದ್ದೇನೆಂದರೆ, ಅಲ್ಲಿ ಕ್ರಿಸ್‌ಮಸ್ಸಿಗೆ ಬಳೆಯಾಕಾರದ ಬಿಸ್ಕತ್ತು ಮಾಡಿ, ಬಾದಾಮಿ ಚೂರು ಮೆತ್ತಿ, ರಿಬ್ಬನ್ ಪೋಣಿಸಿ ಗಿಡಕ್ಕೆ ತೂಗುಹಾಕುತ್ತಾರೆ. ಶಾಲೆಯಲ್ಲಿ ಅವನ್ನು ಮಾಡುತ್ತಿದ್ದಾಗ ಮೇಧಾ ಟೀಚರಿಗೆ ಹೇಳಿದ್ದಾಳೆ, ನಮ್ಮಜ್ಜಿಯೂ ಇದನ್ನೇ ಮಾಡ್ತಾಳೆ, ಖಾರ ಹಾಕಿ ಮಾಡ್ತಾಳೆ, ನಮ್ಮನಿಂದ ಅದನ್ನೇ ತರ್ತೀನಿ ಎಂದು. “ಮಾಡ್ತಿದ್ದಳು” ಎಂದು ನಾನು ತಿದ್ದಲು ಹೋದೆ. ಅವಳ ಮುಖ ನೋಡಿ ಸುಮ್ಮನಾದೆ. ಅಜ್ಜಿ ಸತ್ತದ್ದು ಅವಳಿಗೆ ಗೊತ್ತು. ಆದರೆ ಅವಳ ಡಚ್ಚಿನಲ್ಲಾಗಲಿ ಕನ್ನಡದಲ್ಲಾಗಲಿ ಅಜ್ಜಿ ಇನ್ನೂ ಭೂತಕಾಲಕ್ಕೆ ಹೋಗಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಇವರ ಮುಂದೆ ವಿಷಯ ಎತ್ತಿದೆ.

“ಈ ವರ್ಷ ಬಾಣಲಿ ಇಡೂದಿಲ್ಲ ಅಂತ ಗೊತ್ತಿಲ್ಲೇನು ನಿನಗ?” ಎಂದರು.

“ಅದು ನಮ್ಮ ಹಬ್ಬ ಅಲ್ಲಲ್ರೀ. ಸಾಲಿಗೆ ಒಯ್ಯಲಿಕ್ಕೆ.”

“ಹಬ್ಬ ಯಾರದರ ಇರಲಿ. ಎಣ್ಣಿ ನಮ್ಮನಿದು.”

ಮೂರು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದಿರಬೇಕು. ನಮ್ಮವರು ಮಡಿ ಮೈಲಿಗೆಯ ಮನುಷ್ಯರೇನಲ್ಲ. ಜನಿವಾರ ಎಲ್ಲಿದೆ ಎಂದು ಕೇಳಿದರೆ ಹುಡುಕಬೇಕು. ಅಕ್ಟೋಬರಿನಲ್ಲಿ ಸ್ಟೇಷನ್ನಿನ ಹತ್ತಿರ ಪೊಟ್ಟಣದಲ್ಲಿ ಕರಿದ ಆಲೂಗಡ್ಡೆ ತಿಂದದ್ದನ್ನು ನಾನೇ ನೋಡಿದ್ದೇನೆ. ಅದನ್ನು ನೆನಪಿಸೋಣ ಎಂದು ನಾಲಿಗೆಯ ತುದಿಗೆ ಬಂತು. ಆದರೆ ತಟ್ಟೆಯ ಮುಂದೆ ಕೂತ ಮನುಷ್ಯ ಅನ್ನವನ್ನು ಬೆರಳಿನಿಂದ ಬರೀ ಸರಿಸುತ್ತಿದ್ದರು. ನಾನು ಸಾರು ಬಡಿಸಿದೆ.

ಮರುದಿನ ಫೋನ್ ಕಾರ್ಡ್ ತಂದು ಹುಬ್ಬಳ್ಳಿಗೆ ಫೋನ್ ಮಾಡಿದೆ. ಇವರ ಅಕ್ಕ ಸುಮಿತ್ರಕ್ಕ ಈಗ ಮನೆಗೆ ಹಿರಿಯಳು, ಕಾಯಿದೆ ಕಾನೂನೆಲ್ಲ ಅವಳ ಕೈಯಲ್ಲಿ. ನಾನು ಪೂರ್ತಿ ಹೇಳುವ ಮೊದಲೇ ತೀರ್ಪು ಬಂತು.

“ಮನ್ಯಾಗ ಕರೀಬಾರದವ್ವಾ ಶಶಿ. ವರ್ಷದ ತನಕಾ ನೇಮ ನೇಮನ.”

“ಹಾಂಗಾರ ಕೂಸಿಗೆ ಏನ್ ಹೇಳಲಿ ಅಕ್ಕಾ?”

“ಪೂರಾ ಕೇಳು. ನಮ್ಮ ಮನ್ಯಾಗ ಕರೀಬಾರದು. ಬಾಜೂ ಮನ್ಯಾಗ ಕರದರ ಯಾರ ಬ್ಯಾಡಂತಾರ? ಇಲ್ಲೆ ದೀಪಾವಳಿಗೆ ಕುಲಕರ್ಣ್ಯಾರ ಮನಿಂದ ಕರ್ಚಿಕಾಯಿ ಬರಲಿಲ್ಲೇನು? ದುಃಖದ ಮನಿಗೆ ಬಾಜೂದವರು ಮಾಡಿ ಕೊಡೂದು ಮೊದಲಿಂದ ಬಂದದ್ದ ಅದ.” ಆಮೇಲೆ ದನಿ ಇಳಿಸಿ ಕೇಳಿದಳು, “ವಿಶ್ಯಾ ಹೆಂಗಿದ್ದಾನ? ಫೋನ್ ಮಾಡಿದರ ಬರೇ ಹೂಂ ಹೂಂ ಅಂತಾನ.”

“ಇಲ್ಲೂ ಹಂಗ ಅಕ್ಕಾ” ಎಂದೆ. ಅಷ್ಟರಲ್ಲಿ ಕಾರ್ಡು ಮುಗಿಯಿತು.

ಬಾಜೂ ಮನೆಯೆಂದರೆ ಖ್ರೇತಳದು. ಅವಳ ವಿಚಾರ ಹೇಳಬೇಕು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಆಳು. ಊರಿನ ಈಜುಕೊಳದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವಳು. ಅದರಿಂದಾಗಿ ಎದುರಿಗಿದ್ದವರು ನೀರಿನಲ್ಲಿದ್ದಾರೆ, ತಾನು ದಡದ ಮೇಲಿದ್ದೇನೆ ಎಂಬ ಧಾಟಿಯಲ್ಲೇ ಮಾತನಾಡುತ್ತಿದ್ದಳು. ನನಗೆ ಸೈಕಲ್ ಕಲಿಸಿದವಳೂ ಅವಳೇ. “ಮುಂದೆ ನೋಡು! ಕಾಲು! ಕಾಲು!” ಎಂದು ಬೀದಿಯುದ್ದಕ್ಕೂ ಕೂಗುತ್ತ ಹಿಂದೆ ಓಡಿಬರುತ್ತಿದ್ದಳು. ಸೀರೆ ಚೈನಿಗೆ ಸಿಕ್ಕಿ ನಾನು ಬೇಲಿಯೊಳಗೆ ಬಿದ್ದಾಗ ಎತ್ತುವ ಮೊದಲು “ಉಸಿರಾಡು” ಎಂದು ಆಜ್ಞೆ ಮಾಡಿದ್ದಳು.

ಆ ವರ್ಷದ ಏಪ್ರಿಲಿನಲ್ಲಿ ಅವಳ ಗಂಡ ಹೆಂಕ್ ತೀರಿಕೊಂಡಿದ್ದ. ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಆದರೆ ಡಿಸೆಂಬರ್ ನಡುವಿಗೆ ಬಂದರೂ ಬೀದಿಯಲ್ಲಿ ಅವಳ ಕಿಟಕಿಯೊಂದರಲ್ಲೇ ಗಿಡವಿರಲಿಲ್ಲ, ದೀಪವಿರಲಿಲ್ಲ. ಅವಳದೂ ನಮ್ಮದೂ ಎರಡೇ ಕತ್ತಲ ಕಿಟಕಿ, ಅಕ್ಕಪಕ್ಕ.

ಬುಧವಾರ ಮಧ್ಯಾಹ್ನ ಶಾಲೆ ಅರ್ಧ ದಿನ. ಮೇಧಾಳನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಅರ್ಧ ಇಂಗ್ಲಿಷ್, ಕಾಲು ಡಚ್, ಉಳಿದದ್ದು ಕೈಸನ್ನೆಯಲ್ಲಿ ಎಲ್ಲ ಹೇಳಿದೆ: ಅತ್ತೆ ಹೋದದ್ದು, ಒಂದು ವರ್ಷ ಎಣ್ಣೆ ಕಾಯಿಸಬಾರದೆಂಬುದು, ಪಕ್ಕದ ಮನೆಯವರು ಮಾಡಿ ಕೊಡಬಹುದೆಂಬುದು. ಅವಳು ಕೈಕಟ್ಟಿ ನಿಂತು ಕೇಳಿದಳು.

“ಗಂಡ ಸತ್ತರೂ ಈ ನಿಯಮ ಇದೆಯೇ?” ಎಂದಳು.

“ಇದೆ.”

“ಹಾಗಾದರೆ ನನಗೂ ಬಾಣಲೆ ಇಲ್ಲ.”

ನಾನು ಪೆಚ್ಚಾದೆ. ಇದು ನನಗೆ ಹೊಳೆದೇ ಇರಲಿಲ್ಲ. ನೋಡಿ, ಎರಡೂ ಸೂತಕದ ಮನೆ. ಕ್ಷಮೆ ಕೇಳಿ ಹೊರಡಲು ಎದ್ದೆ. ಅವಳು ತೋಳು ಹಿಡಿದು ಕೂರಿಸಿದಳು.

“ಕೂತ್ಕೋ. ನಿನಗೆ ನಾನು ಪಕ್ಕದ ಮನೆ. ನನಗೆ ನೀನು ಪಕ್ಕದ ಮನೆ. ನಿನ್ನದನ್ನು ನಾನು ಕರಿಯುತ್ತೇನೆ. ಹೊಸ ವರ್ಷಕ್ಕೆ ನನ್ನ ಸಿಹಿ ಎಣ್ಣೆಉಂಡೆಗಳನ್ನು ನೀನು ಕರಿ. ಆಯಿತಲ್ಲ?” ಹೀಗೆಂದು ಕೋಟು ಹಾಕಿಕೊಂಡಳು. “ಆದರೆ ಮನೆಯಲ್ಲಲ್ಲ. ಕರಿದ ವಾಸನೆ ಪರದೆಗೆ ಹಿಡಿದರೆ ಫೆಬ್ರವರಿವರೆಗೆ ಬಿಡುವುದಿಲ್ಲ. ನಾವು ಶೆಡ್ಡಿನಲ್ಲಿ ಕರಿಯುತ್ತಿದ್ದೆವು. ಹೆಂಕ್ ಕರಿಯುತ್ತಿದ್ದ.”

ಅಲ್ಲಿ ಎಲ್ಲರ ಹಿತ್ತಲಲ್ಲೂ ಸೈಕಲ್ ಇಡಲು ಒಂದು ಸಣ್ಣ ಶೆಡ್ಡು ಇರುತ್ತದೆ. ಅವಳ ಶೆಡ್ಡಿನ ಬೀಗ ತುಕ್ಕು ಹಿಡಿದಿತ್ತು. ಕೀಲಿ ತಿರುವುತ್ತ, “ಏಪ್ರಿಲ್‌ನಿಂದ ತೆಗೆದಿಲ್ಲ. ನನ್ನ ಸೈಕಲ್ ಮುಂದಿನ ಬಾಗಿಲಲ್ಲೇ ಇಡುತ್ತೇನೆ” ಎಂದಳು. ಒಳಗೆ ಒಂದು ಗಂಡಸರ ಸೈಕಲ್, ಗೋಡೆಗೆ ಸಾಲಾಗಿ ತೂಗುಹಾಕಿದ ಗರಗಸ, ಉಳಿ. ಒಂದು ಬಡಗಿ ಮೇಜು, ಅದರ ಮೇಲೆ ಅರ್ಧ ಕೆತ್ತಿದ ಹಕ್ಕಿಗೂಡು. ಖ್ರೇತ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೇಲಿನ ಹಲಗೆಯ ಮೇಲಿಟ್ಟಳು. ಮೇಜನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದಳು. “ಇಲ್ಲಿ ನಾದು” ಎಂದಳು.

ಕೋಟು ಹಾಕಿಕೊಂಡು ಕೋಡುಬಳೆ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನಗೆ ತಿಳಿಸಬೇಕು. ಬಾಯಿಂದ ಹೊಗೆ ಬರುತ್ತಿತ್ತು. ಅಕ್ಕಿಹಿಟ್ಟು ಏಷ್ಯಾ ಸಾಮಾನಿನ ಅಂಗಡಿಯದು, ಪುಟಾಣಿ ಹಿಟ್ಟು ಊರಿನದು. ಖಾರಪುಡಿ, ಎಳ್ಳು, ಅಜವಾನ, ಇಂಗು ಹಾಕಿ ಬಿಸಿ ಎಣ್ಣೆ ಸುರಿದು ಕಲಸಿದೆ. ಖ್ರೇತ್ ಕಾಗದ ಪೆನ್ಸಿಲ್ ಹಿಡಿದು ಎಷ್ಟು ಗ್ರಾಂ, ಎಷ್ಟು ಗ್ರಾಂ ಎಂದು ಕೇಳುತ್ತಲೇ ಇದ್ದಳು. ಕೊನೆಗೆ ನನ್ನ ಬೊಗಸೆಯನ್ನೇ ಎಣಿಸಿ ಬರೆದುಕೊಂಡಳು. ಕರೆಂಟಿನ ಕರಿಯುವ ಪಾತ್ರೆಯಲ್ಲಿ ಎಣ್ಣೆ ಕಾಯುತ್ತಿತ್ತು. ನನ್ನ ಮೊದಲ ಆರು ಕೋಡುಬಳೆಗಳು ಎಣ್ಣೆಗೆ ಬಿದ್ದ ಕೂಡಲೇ ಬಾಯಿ ಬಿಟ್ಟು ನೆಟ್ಟಗಾದವು. ಬಳೆ ಹೋಗಿ ಕೋಲಾಯಿತು. ಎರಡನೆಯ ಸಲವೂ ಹಾಗೇ.

“ನೀರು ಕಡಿಮೆ” ಎಂದಳು ಖ್ರೇತ್. ಅವಳಿಗೆ ಎಲ್ಲದಕ್ಕೂ ಕಾರಣ ನೀರೇ.

ನಾಲ್ಕೂವರೆಗೆಲ್ಲ ಅಲ್ಲಿ ಡಿಸೆಂಬರಿನಲ್ಲಿ ಕತ್ತಲಾಗುತ್ತದೆ. ಹೊರಗೆ ಸೈಕಲ್ ನಿಲ್ಲಿಸಿದ ಸದ್ದಾಯಿತು. ತಿರುಗಿದರೆ ಇವರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾರೆ. ತಲೆಗೆ ಟೊಪ್ಪಿಗೆ, ಕೈಗೆ ಗವಸು. ಹಿತ್ತಲ ದಾರಿಯಿಂದ ಮನೆಗೆ ಬರುತ್ತಿದ್ದವರು ಇಂಗಿನ ವಾಸನೆ ಹಿಡಿದು ಬಂದಿದ್ದರು. ಸುಮಿತ್ರಕ್ಕನ ತೀರ್ಪನ್ನು ಎಲ್ಲಿಂದ ಶುರುಮಾಡಿ ಹೇಳುವುದೆಂದು ಯೋಚಿಸುತ್ತಿದ್ದೆ. ಖ್ರೇತ್ ಮಾತ್ರ, “ಬಾಗಿಲು ಹಾಕು ವಿಶ್ವ, ಬಿಸಿ ಹೊರಗೆ ಹೋಗುತ್ತೆ” ಎಂದಳು.

ಅವರು ಬಾಗಿಲು ಹಾಕಿದರು, ಒಳಗೆ ಬಂದೇ ಹಾಕಿದರು. ಮೇಜಿನ ಮೇಲೆ ಕಾಗದದಲ್ಲಿ ಹರವಿದ್ದ ನನ್ನ ಕೋಲುಗಳನ್ನು ನೋಡಿದರು. ಒಂದು ಹಸಿ ಕೋಡುಬಳೆ ಎತ್ತಿ ತುದಿಗಳನ್ನು ತಿರುಗಿಸಿ ನೋಡಿದರು.

“ಹಿಂಗ ಕೂಡಸಿದರ ಬಿಚ್ಚೂದ” ಎಂದರು. “ಒಂದರ ಮ್ಯಾಲೊಂದು ಇಟ್ಟು ಒತ್ತಬೇಕು. ಅವ್ವ ಬಾಜೂಕ ಕೂಡಸೂದಿಲ್ಲ.”

ಹೊರಗಿನ ನಲ್ಲಿಯ ಕೊರೆಯುವ ನೀರಿನಲ್ಲಿ ಕೈ ತೊಳೆದು ಬಂದರು. ಬಡಗಿ ಮೇಜಿನ ಮುಂದೆ ನಿಂತು ಹಿಟ್ಟು ಹೊಸೆಯತೊಡಗಿದರು. ಹನ್ನೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯನಿಗೆ ಕೋಡುಬಳೆ ಮಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಿರುಬೆರಳ ದಪ್ಪ, ಒಂದರಂತೆ ಇನ್ನೊಂದು. ಮೇಧಾ ಬಾಯಿ ತೆರೆದು ನೋಡುತ್ತಿದ್ದಳು.

“ಪಪ್ಪಾ, ನಿಂಗ ಬರ್ತದ?”

“ನಿಮ್ಮಜ್ಜಿ ಕಲಿಸ್ಯಾಳ. ಶ್ರಾವಣದಾಗ ನಮಗಿಬ್ಬರಿಗೂ ತುದಿ ಒತ್ತೂ ಕೆಲಸ ಕೊಡತಿದ್ಲು. ಸುಮಿತ್ರಕ್ಕ ಒತ್ತಿದ್ದು ಬಿಚ್ಚತಿದ್ವು, ನಂದು ಬಿಚ್ಚತಿರಲಿಲ್ಲ.”

ಒಂದೂ ಬಿಚ್ಚಲಿಲ್ಲ. ಖ್ರೇತ್ ಕರಿದಳು, ಅವರು ಹೊಸೆದರು, ಮೇಧಾ ಎಣಿಸಿದಳು. ನನಗೆ ಒರೆಸುವ ಕೆಲಸ ಉಳಿಯಿತು. ಖ್ರೇತ್ ಬಿಸಿ ಬಿಸಿ ಒಂದನ್ನು ಕಚ್ಚಿ ಕೆಮ್ಮಿ ಕೆಂಪಾಗಿ, ಹೊರಗೆ ಹೋಗಿ ತಣ್ಣಗಿನ ಗಾಳಿ ಕುಡಿದು ಬಂದು, ಇನ್ನೊಂದು ಕೊಡು ಎಂದಳು. ಇವರು ಮಾತ್ರ ಒಂದು ಚೂರನ್ನೂ ಬಾಯಿಗಿಡಲಿಲ್ಲ. ಕೆಲಸ ಮುಗಿದ ಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ಮನೆಗೆ ಹೋಗಿ ಮತ್ತೆ ಹೂಂ ಉಹೂಂಗೆ ಮರಳಿದರು.

ಶಾಲೆಯ ಊಟದ ಬಗ್ಗೆ ಜಂಬ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ. ಮಕ್ಕಳು ಉದ್ದನೆಯ ಮೇಜಿನ ಸುತ್ತ ಹೊಸ ಬಟ್ಟೆ ಹಾಕಿಕೊಂಡು ಗಂಭೀರವಾಗಿ ಕೂತಿದ್ದವು. ಮೇಧಾ ಒಂದೊಂದು ಕೋಡುಬಳೆಗೂ ಕೆಂಪು ರಿಬ್ಬನ್ ಕಟ್ಟಿದ್ದಳು. ಮೂರು ನಾಲ್ಕು ಮಕ್ಕಳು ಒಂದು ಕಡಿತ ಕಚ್ಚಿ ಹಾಲು ಕುಡಿದವು. ಒಬ್ಬ ಹುಡುಗಿ ಅತ್ತಳು. ಟೀಚರು ಎರಡು ತಿಂದರು, ಅದರಲ್ಲಿ ಎರಡನೆಯದು ಸೌಜನ್ಯಕ್ಕೆ. ಡಬ್ಬಿಯಲ್ಲಿ ಮುಕ್ಕಾಲು ಪಾಲು ವಾಪಸ್ ಬಂತು. ಮೇಧಾಳಿಗೆ ಅದರಿಂದೇನೂ ಬೇಸರವಾದ ಹಾಗೆ ಕಾಣಲಿಲ್ಲ. ಅಜ್ಜಿಯ ಬಳೆ ಶಾಲೆಗೆ ಹೋಗಬೇಕಿತ್ತು, ಹೋಯಿತು. ಉಳಿದವುಗಳಲ್ಲಿ ಒಂದು ಹತ್ತನ್ನು ಅವಳೇ ಖ್ರೇತಳಿಗೆ ಕೊಟ್ಟುಬಂದಳು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಮಂಜು ಬಿದ್ದು ಹುಲ್ಲೆಲ್ಲ ಬಿಳಿಚಿಕೊಂಡಿತ್ತು. ನಾನು ಚಹಾಕ್ಕೆ ನೀರಿಟ್ಟು ಹಿತ್ತಲ ಕಿಟಕಿಯಿಂದ ನೋಡಿದರೆ ಖ್ರೇತ್ ಡ್ರೆಸಿಂಗ್ ಗೌನಿನ ಮೇಲೆ ಕೋಟು ಹಾಕಿಕೊಂಡು ತನ್ನ ಬೋಳು ಪಿಯರ್ ಹಣ್ಣಿನ ಗಿಡದ ಕೆಳಗೆ ನಿಂತಿದ್ದಾಳೆ. ನಮ್ಮ ಕೋಡುಬಳೆಗಳನ್ನು ಒಂದೊಂದಾಗಿ ಕೆಂಪು ರಿಬ್ಬನ್ನಿನಿಂದ ಟೊಂಗೆಗಳಿಗೆ ಕಟ್ಟುತ್ತಿದ್ದಳು. ಆ ವರ್ಷ ಅವಳಿಗೆ ಅದೇ ಕ್ರಿಸ್‌ಮಸ್ ಗಿಡ. ಕಟ್ಟಿ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಒಳಗೆ ಹೋದಳು.

ಇವರು ಚಹಾಕ್ಕೆಂದು ಖಾಲಿ ಕಪ್ಪು ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತರು. ಇಬ್ಬರೂ ಗಿಡವನ್ನು ನೋಡುತ್ತಿದ್ದೆವು. ಆಗ ಒಂದು ಕಾಗೆ ಬಂತು. ಅಲ್ಲಿಯ ಕಾಗೆ ಸ್ವಲ್ಪ ಸಣ್ಣದು, ಕುತ್ತಿಗೆಯ ಹಿಂದೆ ಬೂದಿ ಬಣ್ಣ, ಕಣ್ಣು ಬಿಳಿ. ಬೇಲಿಯ ಮೇಲೆ ಕೂತು ತಲೆ ಆಚೆ ಈಚೆ ತಿರುಗಿಸಿತು. ಹಾರಿ ಟೊಂಗೆಗೆ ಬಂತು. ಒಂದು ಕೋಡುಬಳೆಯನ್ನು ಕೊಕ್ಕಿನಿಂದ ಕುಟ್ಟಿ ಮುರಿದು, ದೊಡ್ಡ ಚೂರನ್ನು ಕಚ್ಚಿಕೊಂಡು ಹೋಯಿತು. ಹಿಂದೆಯೇ ಇನ್ನೊಂದು ಬಂತು.

ಕಪ್ಪು ತಟ್ಟೆಗೆ ತಗುಲಿ ಸದ್ದಾಯಿತು. ತಿರುಗಿ ನೋಡಿದೆ. ಇವರು ಕಿಟಕಿಗೆ ಇನ್ನೂ ಹತ್ತಿರ ಸರಿದಿದ್ದರು.

“ಅಲ್ಲೆ ಮುಟ್ಟಲಿಲ್ಲ ಶಶಿ” ಎಂದರು.

“ಏನು ಮುಟ್ಟಲಿಲ್ಲ?”

“ಹತ್ತನೇ ದಿನ. ಪಿಂಡ.” ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. “ಕೆರಿ ದಂಡಿ ಮ್ಯಾಲೆ ಇಟ್ಟು ಕೂತೀವಿ. ಕಾಗಿ ಸುತ್ತೂ ಕಡೆ ಇದ್ವು, ಗಿಡದ ತುಂಬ ಇದ್ವು. ಒಂದೂ ಕೆಳಗ ಇಳೀಲಿಲ್ಲ. ಏನರ ಆಸೆ ಉಳದದ, ಬಾಯಿ ಬಿಟ್ಟು ಹೇಳು ಅಂದ್ರು ಭಟ್ರು. ನಾ ಹೇಳಿದೆ. ಊರಿಗೆ ಬಂದಬಿಡ್ತೀನಿ ಅಂದೆ. ಮೇಧಾನ್ನ ಕರಕೊಂಡು ಬರ್ತೀನಿ ಅಂದೆ. ತಡಾ ಆತು, ತಪ್ಪಾತವ್ವಾ ಅಂದೆ. ಎರಡು ತಾಸು, ಶಶಿ. ಎಲ್ಲಾರೂ ನನ್ನ ಮಾರಿ ನೋಡ್ಲಿಕತ್ತಿದ್ರು. ಕಡೀಕ ದರ್ಭಿದು ಕಾಗಿ ಮಾಡಿ ಮುಟ್ಟಿಸಿ ಎದ್ದು ಬಂದ್ವಿ.”

ಮೂರು ತಿಂಗಳು ಈ ಮನುಷ್ಯ ಇದನ್ನು ಟೊಪ್ಪಿಗೆಯ ಕೆಳಗೆ ಹೊತ್ತುಕೊಂಡು ಸೈಕಲ್ ತುಳಿಯುತ್ತಿದ್ದರು. ಪ್ರಯೋಗಾಲಯದಲ್ಲಿ ಮಣ್ಣು ತೂಗುತ್ತಿದ್ದರು. ಅವ್ವ ಸಿಟ್ಟಿನಿಂದ ಹೋದಳು ಎಂದು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದರು.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನನಗೆ ಸಾಮಾನ್ಯವಾಗಿ ಎರಡು ದಿನ ಬಿಟ್ಟು ಹೊಳೆಯುತ್ತದೆ. ಅವತ್ತು ಹೇಗೋ ಆಗಲೇ ಬಾಯಿಗೆ ಬಂತು. ನಾನು ಯೋಚಿಸಿ ಆಡಿದ್ದಲ್ಲ, ಕಂಡದ್ದನ್ನೇ ಹೇಳಿದೆ.

“ಅತ್ತಿಯವರು ಎಂದಾದರೂ ಮೊದಲ ಪಂಕ್ತಿಗೆ ಕೂತು ಉಂಡಾರೇನ್ರಿ? ಅಲ್ಲೆ ಅಷ್ಟು ಮಂದಿ ಬಿಸಲಾಗ ಉಪವಾಸ ಕೂತಿದ್ರಿ. ನೀವೆಲ್ಲಾ ಉಣ್ಣೂತನಕಾ ಅವರು ಹೆಂಗ ಕೈ ಹಾಕತಾರ?”

ಅವರು ನನ್ನ ಕಡೆ ತಿರುಗಿದರು. ಆಮೇಲೆ ಕಪ್ಪನ್ನು ಕಟ್ಟೆಯ ಮೇಲಿಟ್ಟು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಚಿಕ್ಕ ಮನೆ. ಮೇಧಾ ಎದ್ದುಬಿಡುತ್ತಾಳೆಂದು ನಾನು ಅಡುಗೆಮನೆಯ ಬಾಗಿಲು ಎಳೆದುಕೊಂಡೆ. ಚಹಾದ ನೀರು ಕುದ್ದು ಅರ್ಧಕ್ಕಿಳಿದಿತ್ತು. ಮತ್ತೆ ನೀರು ಸುರಿದೆ.

ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೇಳಿದರು, “ಡಬ್ಬ್ಯಾಗ ಇನ್ನೂ ಉಳದಾವೇನು?”

“ಅವ. ರಗಡ ಅವ.”

ಡಬ್ಬಿ ತೆಗೆದುಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ ಮಂಜಿನ ಹುಲ್ಲು ತುಳಿಯುತ್ತ ಖ್ರೇತಳ ಹಿತ್ತಲಿಗೆ ಹೋದರು. ರಿಬ್ಬನ್ ಕಟ್ಟುವ ಗೊಡವೆಗೆ ಹೋಗಲಿಲ್ಲ. ಕೋಡುಬಳೆಗಳನ್ನು ಟೊಂಗೆಯ ತುದಿಗಳಿಗೇ ತೊಡಿಸತೊಡಗಿದರು. ಖ್ರೇತಳ ಕಿಟಕಿ ತೆರೆಯಿತು.

“ವಿಶ್ವ! ಮೇಲಿನ ಟೊಂಗೆಗೆ! ಕೆಳಗೆ ಹಾಕಿದರೆ ಬೆಕ್ಕು ಬರುತ್ತೆ! ಮೇಲೆ, ಇನ್ನೂ ಮೇಲೆ!” ಎಂದು ಈಜುಕೊಳದ ದಡದಿಂದ ಕೂಗಿದಂತೆ ಕೂಗಿದಳು.

ಅವರು ತುದಿಗಾಲಲ್ಲಿ ನಿಂತು ಕೈ ಚಾಚಿ ಚಾಚಿ ತೊಡಿಸಿದರು. ಬೇಲಿಯ ಮೇಲೆ ಕಾಗೆಗಳು ಸಾಲಾಗಿ ಕೂತು, ಈ ಮನುಷ್ಯ ಯಾವಾಗ ಸರಿಯುತ್ತಾನೆಂದು ಕಾಯುತ್ತಿದ್ದವು. ಡಬ್ಬಿಯಲ್ಲಿ ಕೊನೆಯದೊಂದು ಉಳಿಯಿತು. ಗಿಡದ ಕೆಳಗೇ ನಿಂತು ಅದನ್ನು ಮುರಿದು ತಿಂದರು. ಪೂರ್ತಿ ತಿಂದು ಅಂಗೈ ಒರೆಸಿಕೊಂಡು ಒಳಗೆ ಬಂದರು. ಚಪ್ಪಲಿಯೆಲ್ಲ ಒದ್ದೆ.

“ಉಪ್ಪು ಕಡಿಮಿ ಆಗ್ಯದ” ಎಂದರು.